ಊರಿಗೂ ಒಂದು ವ್ರತ

ಕರುಣೆಯೆಂಬುದು ವ್ಯಕ್ತಿಯ ಅಂತಃಕರಣದ ಗುಣ ಮಾತ್ರವೇ, ಅಥವಾ ಅದು ಊರಿನ ಆಡಳಿತದ ಕಟ್ಟಳೆಯೂ ಆಗಬಲ್ಲದೇ? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟದ್ದು ಯಾವ ಶಾಸ್ತ್ರಗ್ರಂಥವೂ ಅಲ್ಲ. ಅಂಗಡಿಯ ಆಸ್ತಿ ತೆರಿಗೆಯ ಒಂದು ರಸೀದಿ. ತೆರಿಗೆ ತುಂಬಿ ಬಂದು, ರಸೀದಿಯನ್ನು ಫೈಲಿಗೆ ಸೇರಿಸುವ ಮುನ್ನ ಅದರ ಸಾಲುಗಳನ್ನು ಓದುತ್ತ ಹೋದೆ. ಆರೋಗ್ಯ ಉಪಕರ, ಗ್ರಂಥಾಲಯ ಉಪಕರ, ಅದರ ಕೆಳಗೆ ಭಿಕ್ಷುಕರ ಉಪಕರ. ತೆರಿಗೆಯ ನೂರು ರೂಪಾಯಿಗೆ ಮೂರು ರೂಪಾಯಿ. ವಾಣಿಜ್ಯ ಪದವೀಧರನಾದ ನಾನು, ಬೇರೆಯವರ ಬಿಲ್ಲಿನಲ್ಲಿ ಹತ್ತು ಪೈಸೆ ತಪ್ಪಿದರೂ ಕೆಂಪು ಗೆರೆ ಎಳೆಯುವ ನಾನು, ಮೂವತ್ತು ವರ್ಷಗಳಿಂದ ಈ ಸಾಲಿಗೆ ಹಣ ಕಟ್ಟುತ್ತ ಬಂದಿದ್ದೇನೆ. ಒಮ್ಮೆಯೂ ಅದನ್ನು ಓದಿರಲಿಲ್ಲ. ಅಂಗಡಿಯ ಬಾಗಿಲಿಗೆ ಬಂದು ಕೈಯೊಡ್ಡಿದವನಿಗೆ ‘ಮುಂದೆ ಹೋಗಪಾ’ ಎಂದ ದಿನಗಳಲ್ಲಿಯೂ ಅವನ ಹೆಸರಿನ ಹಣವನ್ನು ನಾನು ಕೊಟ್ಟೇ ಇದ್ದೆ. ಹಾಗಾದರೆ ಅದು ದಾನವೇ? ನನಗೇ ತಿಳಿಯದೆ ನನ್ನಿಂದ ನಡೆದ ಉಪಕಾರಕ್ಕೆ ಪುಣ್ಯಬಂಧವುಂಟೇ?

1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ಮೇರೆಗೆ ಸಂಗ್ರಹವಾಗುವ ಈ ಹಣವು ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಸಲ್ಲುತ್ತದೆ. ಅಂತಹ ಕೇಂದ್ರಗಳಲ್ಲಿ ದೊಡ್ಡದಾದ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ 2010ರ ಆಗಸ್ಟ್ ತಿಂಗಳಲ್ಲಿ ಕೆಲವೇ ದಿನಗಳ ಅವಧಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ನಿರಾಶ್ರಿತರು ಸತ್ತರು. ಕಾನೂನು ಇತ್ತು, ಕಟ್ಟಡವಿತ್ತು, ನಾವು ತುಂಬಿದ ಹಣವೂ ಇತ್ತು. ಬಳಿಯಲ್ಲಿ ನಿಂತು ಹಣೆ ಮುಟ್ಟಿ ನೋಡುವ ಕೈ ಇರಲಿಲ್ಲವೆಂದು ಕಾಣುತ್ತದೆ. ಇದಕ್ಕೆ ವಿರುದ್ಧವಾದ ಇನ್ನೊಂದು ಚಿತ್ರವನ್ನೂ ಸುಜ್ಞ ವಾಚಕರು ಮರೆತಿರಲಾರರು. 2020ರ ಮಾರ್ಚ್ ಕೊನೆಗೆ ದೇಶವೇ ಬಾಗಿಲು ಹಾಕಿಕೊಂಡಾಗ ನಮ್ಮ ಸಮಾಜದ ತರುಣರು ಅಕ್ಕಿ, ಬೇಳೆ, ಎಣ್ಣೆಯ ಕಿಟ್ಟುಗಳನ್ನು ಓಣಿ ಓಣಿಗೆ ಮುಟ್ಟಿಸಿದರು. ಕೈಗಳೂ ಇದ್ದವು, ಮನಸ್ಸೂ ಇತ್ತು. ಜೂನ್ ಹೊತ್ತಿಗೆ ಅಂಗಡಿಗಳು ತೆರೆದವು, ಕಿಟ್ಟುಗಳು ನಿಂತವು. ಹಸಿವೂ ನಿಂತಿತೇ ಎಂದು ನಾವು ಯಾರೂ ಹೋಗಿ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಒಂದು ಕಡೆ ಕೈಯಿಲ್ಲದ ಕಟ್ಟಳೆ, ಇನ್ನೊಂದು ಕಡೆ ಕಟ್ಟಳೆಯಿಲ್ಲದ ಕೈ. ಈ ಎರಡರ ನಡುವೆ ಸಿಕ್ಕಿ ನರಳಿದ ಒಂದು ಜೀವವನ್ನು ನಾನು ನನ್ನ ಮನೆಯಲ್ಲಿಯೇ ಕಂಡಿದ್ದೇನೆ. ಅದನ್ನು ಇಲ್ಲಿ ಹೇಳುವುದು ಅಗತ್ಯ.

ನಮ್ಮ ಮೂಲ ಊರು ಇಟಗಿ. ಇಟಗಿ ಎಂದೊಡನೆ ಬಹುಮಂದಿ 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯವನ್ನು ನೆನೆಯುತ್ತಾರೆ. ಆ ಇಟಗಿ ಕೊಪ್ಪಳ ಜಿಲ್ಲೆಯದು. ನಮ್ಮದು ರೋಣದ ಸೀಮೆಯ, ಭೀಮಾಂಬಿಕಾ ದೇವಿಯ ಇಟಗಿ. ಅಲ್ಲಿಯ ಹಳೆಯ ಮನೆಯಲ್ಲಿ ನನ್ನ ಕಾಕು, ಎಂದರೆ ತಂದೆಯ ತಮ್ಮನ ಹೆಂಡತಿ, ಒಬ್ಬರೇ ಇದ್ದರು. ಮಕ್ಕಳಿರಲಿಲ್ಲ, ಕಾಕಾ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಅವರಿಗೆ ಲಕ್ವ ಹೊಡೆದು ಬಲಭಾಗ ನಿಶ್ಚೇಷ್ಟಿತವಾಯಿತು. ವೈದ್ಯರು ಹತ್ತಿರವಿರಲೆಂದು ಅವರನ್ನು ಪಟ್ಟಣಕ್ಕೆ ಕರೆತಂದು, ನಮ್ಮ ಗೋದಾಮಿನ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಇರಿಸಿದೆ. ಔಷಧ, ಹಾಲು, ಹಣ್ಣು, ಯಾವುದಕ್ಕೂ ಕೊರತೆ ಮಾಡಲಿಲ್ಲ. ‘ಕಾಕು ಆರೋಗ್ಯ ಖರ್ಚು’ ಎಂಬ ಪ್ರತ್ಯೇಕ ಪುಟವೇ ನನ್ನ ಲೆಕ್ಕದ ಪುಸ್ತಕದಲ್ಲಿತ್ತು. ಬಂಧುಗಳು ಹೊಗಳುತ್ತಿದ್ದರು, ನಾನೂ ಆ ಹೊಗಳಿಕೆಯನ್ನು ನಂಬಿದ್ದೆ.

ಆದರೆ ಅವರನ್ನು ಎತ್ತಿ ಕೂರಿಸಿದವಳು, ಮಗ್ಗುಲು ಬದಲಿಸಿದವಳು, ಬಟ್ಟೆ ಒಗೆದವಳು ನಮ್ಮ ಅಂಗಡಿಯಲ್ಲಿ ಕಾಳು ಹಸನು ಮಾಡುತ್ತಿದ್ದ ಒಬ್ಬ ಹೆಣ್ಣುಮಗಳು. ಹಮಾಲಿ ಮಾಡುವವನ ಹೆಂಡತಿ, ನಮ್ಮ ಸಮಾಜದವಳಲ್ಲ. ಮೊದಮೊದಲು ಸಂಜೆ ಕೆಲಸ ಮುಗಿದ ಮೇಲೆ ಬರುತ್ತಿದ್ದಳು. ಕಾಕುವಿಗೆ ರಾತ್ರಿಭೋಜನ ತ್ಯಾಗದ ವ್ರತ. ಈಕೆ ಬರುವಷ್ಟರಲ್ಲಿ ಸೂರ್ಯಾಸ್ತವಾಗಿ, ಉಣಿಸುವವರಿಲ್ಲದೆ ಅವರು ಹಸಿದು ಮಲಗುತ್ತಿದ್ದರು. ಈ ಸಂಗತಿ ತಿಳಿದ ದಿನದಿಂದ ಆಕೆ ಕಾಳಿನ ಕೆಲಸವನ್ನು ನಡುವೆಯೇ ಬಿಟ್ಟು, ಹೊತ್ತು ಇಳಿಯುವ ಮೊದಲು ಹೋಗಿ ಅವರಿಗೆ ಉಣಿಸಿ ಬರತೊಡಗಿದಳು. ನನ್ನ ಗುಮಾಸ್ತ ಆ ಅರ್ಧ ತಾಸನ್ನು ಆಕೆಯ ಕೂಲಿಯಲ್ಲಿ ಕಡಿಯುತ್ತಿದ್ದ. ಇದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಕಾಕುವಿನ ವ್ರತವನ್ನು ಕೊನೆಯತನಕ ಕಾಪಾಡಿದವಳು ಆಕೆ. ಅದಕ್ಕೆ ದಂಡ ಹಾಕಿದ್ದು ನನ್ನ ಲೆಕ್ಕದ ಪುಸ್ತಕ.

ರಾತ್ರಿ ಯಾರೂ ಇರುತ್ತಿರಲಿಲ್ಲ. ಬೆನ್ನಿನಲ್ಲಿ ಹುಣ್ಣಾಯಿತು, ಹುಣ್ಣು ನಂಜಾಯಿತು. ಎರಡನೆಯ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮರುದಿನ ಆಕೆಯನ್ನು ಕರೆದು ಹಣ ಕೊಡಲು ಹೋದಾಗ ಆಕೆ ಹೇಳಿದ ಮಾತು ಇಷ್ಟೇ: “ರೊಕ್ಕ ಬ್ಯಾಡ್ರಿ ಸಾವ್ಕಾರ್ರ. ರಾತ್ರಿ ಒದರಿದ್ರ ಕೇಳಾಕ ಒಬ್ರು ಇದ್ದಿದ್ರ ಸಾಕಿತ್ರಿ ಅವ್ವಾರಿಗೆ.”

ಇಟಗಿಯಲ್ಲಿಯೇ ಇದ್ದಿದ್ದರೆ ಒದರಿದ್ದು ಓಣಿಗೆಲ್ಲ ಕೇಳುತ್ತಿತ್ತು ಎಂದು ಅನೇಕರು ಹೇಳಿದರು. ಅದು ನಿಜ. ಆದರೆ ಓಣಿಯನ್ನು ಅತಿಯಾಗಿ ಹೊಗಳುವುದೂ ನ್ಯಾಯವಲ್ಲ. ಅಲ್ಲಿ ಆರೈಕೆ ಮಾಡುತ್ತಿದ್ದುದು ಓಣಿಯಲ್ಲ, ಓಣಿಯ ಹೆಣ್ಣುಮಕ್ಕಳು. ಅದೂ ತಮ್ಮ ಮನೆಯ ಕೆಲಸವೆಲ್ಲ ತೀರಿದ ಮೇಲೆ. ಅಲ್ಲದೆ ನಮ್ಮ ಕಾಕುವಿನ ಮೈ ಮುಟ್ಟುವ ಕೈಗಳು ಊರ ಹೊರಗಿನ ಕೇರಿಯ ಮುದುಕಿಯ ಮೈಯನ್ನು ಮುಟ್ಟುತ್ತಿರಲಿಲ್ಲ. ಪಟ್ಟಣವು ಈ ಓಣಿಯನ್ನು ಒಡೆಯಿತು. ಜಾತಿಯ ಗೋಡೆಯೂ ಸ್ವಲ್ಪ ಬಿರುಕು ಬಿಟ್ಟಿತು, ಅದು ಒಳ್ಳೆಯದೇ ಆಯಿತು. ಆದರೆ ಓಣಿ ಮಾಡುತ್ತಿದ್ದ ಕೆಲಸವನ್ನು ಇನ್ನು ಯಾರು ಮಾಡಬೇಕೆಂಬುದನ್ನು ಪಟ್ಟಣ ಎಲ್ಲಿಯೂ ಬರೆದಿಡಲಿಲ್ಲ. ಹೀಗೆ ಬರೆಯದೆ ಬಿಟ್ಟ ಕೆಲಸವು ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದಕ್ಕೆ ಸರಕಾರದ ಅಂಕಿಗಳೇ ಸಾಕ್ಷಿ. 2024ರ ರಾಷ್ಟ್ರೀಯ ಕಾಲಬಳಕೆ ಸಮೀಕ್ಷೆಯ ಪ್ರಕಾರ ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕಾಗಿ ದಿನಕ್ಕೆ ಕಳೆಯುವ ಸಮಯ 289 ನಿಮಿಷ; ಗಂಡಸರು 88 ನಿಮಿಷ. ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಇಷ್ಟು ದೊಡ್ಡ ಬಂಡವಾಳ ಯಾವ ಜಮಾಖರ್ಚಿನಲ್ಲಿಯೂ ಕಾಣದೆ ಇರುವುದು ವಿಸ್ಮಯದ ಸಂಗತಿ.

ಈ ವಿಚಾರದಲ್ಲಿ ನಮ್ಮ ಹಿರಿಯರು ನಮಗಿಂತ ಉತ್ತಮ ಲೆಕ್ಕಿಗರಾಗಿದ್ದರೆಂದು ನನ್ನ ದೃಢವಾದ ಅಭಿಪ್ರಾಯ. ನಮ್ಮ ಸೀಮೆಯ ನರೇಗಲ್ಲನ್ನೇ ನೋಡಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಗಂಗ ಪೆರ್ಮಾಡಿ ಬೂತುಗನ ರಾಣಿ ಪದ್ಮಬ್ಬರಸಿ ಅಲ್ಲಿ ಒಂದು ಬಸದಿಯನ್ನು ಕಟ್ಟಿಸಿದಳು. ಆ ಬಸದಿಗೆ ಹೊಂದಿಕೊಂಡು ಒಂದು ದಾನಶಾಲೆಯಿತ್ತು. ಕ್ರಿ.ಶ. 950ರ ಶಾಸನದಲ್ಲಿ ಮಾರಸಿಂಘಯ್ಯನೆಂಬವನು ಈ ದಾನಶಾಲೆಗೆ ಮಾಡಿದ ದತ್ತಿಯ ಉಲ್ಲೇಖವಿದೆ. ಅವನು ಕೊಟ್ಟದ್ದು ಅಕ್ಕಿಯ ಮೂಟೆಯನ್ನಲ್ಲ, ಹೊನ್ನಿನ ಗಂಟನ್ನೂ ಅಲ್ಲ, ಒಂದು ಕೆರೆಯನ್ನು.

ಈ ಒಂದು ಸಂಗತಿಯನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ಹೊರಳಿಸಿ ನೋಡಿದ್ದೇನೆ. ಊಟ ಹಾಕುವ ಮನೆಗೆ ಕೆರೆಯನ್ನೇಕೆ ಕೊಡಬೇಕು? ನಮ್ಮ ಕಡೆಯ ಮಳೆ ಬಲ್ಲವರಿಗೆ ಉತ್ತರವೂ ಹೊಳೆಯುತ್ತದೆ. ಮೂಟೆ ಅಕ್ಕಿ ಒಂದು ತಿಂಗಳಿಗೆ ಮುಗಿಯುತ್ತದೆ. ಕೆರೆ ವರ್ಷ ವರ್ಷವೂ ತುಂಬಿ, ಅದರ ನೀರಿನಿಂದ ಬೆಳೆ ಬಂದು, ಬೆಳೆಯ ಪಾಲು ದಾನಶಾಲೆಗೆ ನಡೆಯುತ್ತದೆ. ಕೊಟ್ಟವನು ಸತ್ತ ಮೇಲೆಯೂ, ಅವನ ಮಕ್ಕಳ ಮನಸ್ಸು ಬದಲಾದ ಮೇಲೆಯೂ ಹಸಿದವನ ಎಲೆಗೆ ಅನ್ನ ಬೀಳುತ್ತದೆ. ನಮ್ಮ ಬಸದಿಗಳ ಶಾಸನಗಳಲ್ಲಿ ಪದೇ ಪದೇ ಬರುವ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಗೋಡೆ ಇನ್ನೂ ಹೊಸದಾಗಿರುವಾಗಲೇ, ಮುಂದೊಂದು ದಿನ ಅದು ಬಿರಿಯುತ್ತದೆ ಎಂದು ಬಗೆದು, ಆ ಬಿರುಕಿನ ಖರ್ಚಿಗೆ ಭೂಮಿ ಬಿಟ್ಟರು. ಕಟ್ಟುವ ಉತ್ಸಾಹದ ನಡುವೆಯೇ ಕೆಡುವ ಕಾಲವನ್ನು ನೆನೆಯುವುದು ಸಾಮಾನ್ಯ ವಿವೇಕವಲ್ಲ. ಇಂದು ನಾವು ಮಾನಸ್ತಂಭ ನಿಲ್ಲಿಸುತ್ತೇವೆ, ಸಭಾಭವನ ಕಟ್ಟುತ್ತೇವೆ, ದಾನಿಗಳ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುತ್ತೇವೆ. ಸಭಾಭವನದ ಶೌಚಾಲಯ ತೊಳೆಯುವವಳ ಸಂಬಳ ಎಲ್ಲಿಂದ ಬರಬೇಕೆಂದು ಉದ್ಘಾಟನೆಯ ದಿನ ಯಾರೂ ಕೇಳುವುದಿಲ್ಲ.

ಇಟಗಿಗೆ ಸಮೀಪದ ಸೂಡಿಯ ಒಂದು ಶಾಸನವೂ ಇಲ್ಲಿ ಪ್ರಸ್ತುತವೇ. ಹನ್ನೊಂದನೆಯ ಶತಮಾನದ ನಡುವಿನಲ್ಲಿ, ಚಾಲುಕ್ಯರ ಅಕ್ಕಾದೇವಿ ಈ ಭಾಗದ ಆಡಳಿತ ನಡೆಸುತ್ತಿದ್ದಾಗ, ಚೋಳರೊಡನೆ ನಡೆದ ಯುದ್ಧದಿಂದ ಕೆಟ್ಟುಹೋಗಿದ್ದ ಊರಿನ ವ್ಯವಸ್ಥೆಯನ್ನು ಎಂಟು ಸೆಟ್ಟಿಗಳು ಮತ್ತು ಎಂಬತ್ತು ಒಕ್ಕಲುಗಳಿಗೆ ಮತ್ತೆ ಬರೆದುಕೊಡಲಾಯಿತು. ಯುದ್ಧವಾದ ಮೇಲೆ ಮೊದಲು ದುರಸ್ತಿಯಾಗಬೇಕಾದದ್ದು ಊರಿನ ಕಟ್ಟಳೆಯೆಂದು ಅವರಿಗೆ ತೋರಿದ್ದು ಗಮನಾರ್ಹ. ಆ ಎಂಟು ಸೆಟ್ಟಿಗಳ ಸಾಲಿನಲ್ಲಿ ಇಂದು ನಾವು ವ್ಯಾಪಾರಸ್ಥರು ನಿಂತಿದ್ದೇವೆ ಎಂದುಕೊಂಡರೆ ಜವಾಬ್ದಾರಿಯೂ ನಮ್ಮದೇ.

ಇಲ್ಲಿಗೆ ಮೂಲಪ್ರಶ್ನೆಗೆ ಬರಬೇಕು. ಕಟ್ಟಳೆಯಿಂದ ನಡೆಯುವ ಉಪಕಾರಕ್ಕೆ ಧರ್ಮದ ಬೆಲೆ ಉಂಟೇ? ಈ ಆಕ್ಷೇಪ ಕ್ಷುಲ್ಲಕವಾದುದಲ್ಲ. ನಮ್ಮ ಸಿದ್ಧಾಂತದಲ್ಲಿ ಕರ್ಮಬಂಧವು ಭಾವವನ್ನು ಅವಲಂಬಿಸಿದೆ. ಭಾವವಿಲ್ಲದೆ ಕೊಟ್ಟ ಹಣ ನಷ್ಟವಾದ ಹಣದಂತೆ. ಕಳೆದುಹೋಯಿತೇ ಹೊರತು ತ್ಯಾಗವಾಗಲಿಲ್ಲ. ಪುರಸಭೆಯ ಬಜೆಟ್ಟಿನಲ್ಲಿ ಕರುಣೆಯನ್ನು ಬರೆದಿಟ್ಟರೆ, ಕೊಡುವವನ ಹೃದಯ ಇನ್ನಷ್ಟು ಒಣಗುವುದಿಲ್ಲವೇ ಎಂದು ಒಬ್ಬ ಮಿತ್ರರು ನನ್ನನ್ನು ಕೇಳಿದರು.

ನಾನು ಬಹಳ ದಿನ ಯೋಚಿಸಿ ಕಂಡುಕೊಂಡದ್ದು ಹೀಗೆ. ಇಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಕೊಡುವವನಿಗೆ ಏನು ಲಭಿಸಿತು ಎಂಬುದು ಒಂದು. ಮಲಗಿದವನಿಗೆ ಏನಾಯಿತು ಎಂಬುದು ಇನ್ನೊಂದು. ನಾವು ಧರ್ಮಸಭೆಗಳಲ್ಲಿ ಮೊದಲನೆಯದನ್ನೇ ಚರ್ಚಿಸುತ್ತೇವೆ. ಕಾಕುವಿನ ಬೆನ್ನಿನ ಹುಣ್ಣು ನನ್ನಲ್ಲಿ ಶುಭಭಾವ ಉದಯಿಸುವವರೆಗೆ ಕಾಯಲಿಲ್ಲ. ಭಾವಕ್ಕೆ ಹಬ್ಬವಿದೆ, ಪರ್ಯೂಷಣವಿದೆ, ಪುಣ್ಯತಿಥಿಯಿದೆ. ರೋಗಕ್ಕೆ ಅವು ಯಾವುವೂ ಇಲ್ಲ.

ಅಲ್ಲದೆ, ಭಾವವೇ ಎಲ್ಲವೂ ಆಗಿದ್ದಲ್ಲಿ ಶ್ರಾವಕನಿಗೆ ವ್ರತಗಳನ್ನು ಏಕೆ ವಿಧಿಸಿದರು? ಹಿಂಸೆ ಮಾಡಬಾರದೆಂಬ ಭಾವವಿರುವವನಿಗೆ ವ್ರತದ ಹಂಗೇಕೆ? ಏಕೆಂದರೆ ಇಂದಿನ ನನ್ನ ಮನಸ್ಸನ್ನು ನಾನು ನಂಬಬಹುದು, ನಾಳಿನ ನನ್ನ ಮನಸ್ಸನ್ನು ನಂಬಲಾರೆ. ನಾಳೆ ಹಸಿವಾದೀತು, ಲೋಭ ಬಂದೀತು, ದಣಿವಾದೀತು. ಆದುದರಿಂದ ಮನಸ್ಸು ತಿಳಿಯಾಗಿರುವಾಗಲೇ ಗುರುಗಳ ಮುಂದೆ ನಾಲ್ವರ ಸಾಕ್ಷಿಯಾಗಿ ನನ್ನನ್ನು ನಾನು ಕಟ್ಟಿಕೊಳ್ಳುತ್ತೇನೆ. ವ್ರತವು ಭಾವದ ಶತ್ರುವಲ್ಲ. ಭಾವ ಇಲ್ಲದ ದಿನಗಳಿಗಾಗಿ ಭಾವವಿದ್ದ ದಿನ ಮಾಡಿಟ್ಟ ಏರ್ಪಾಡು. ಒಬ್ಬ ಶ್ರಾವಕನಿಗೆ ವ್ರತ ಹೇಗೋ ಊರಿಗೆ ಕಾರ್ಯನೀತಿ ಹಾಗೆ. ನಮ್ಮ ಭಾಷೆಯಲ್ಲಿ ಸದಾಚಾರಕ್ಕೂ ಸರಕಾರದ ಧೋರಣೆಗೂ ‘ನೀತಿ’ ಎಂಬ ಒಂದೇ ಮಾತಿರುವುದು ಆಕಸ್ಮಿಕವಿರಲಾರದು. ಹತ್ತನೆಯ ಶತಮಾನದ ಸೋಮದೇವಸೂರಿಗಳು ಸ್ವತಃ ವಿರಕ್ತರಾಗಿದ್ದೂ ‘ನೀತಿವಾಕ್ಯಾಮೃತ’ವೆಂಬ ರಾಜನೀತಿಯ ಗ್ರಂಥವನ್ನು ರಚಿಸಿದರು, ಆಡಳಿತದ ವಿಚಾರ ಧರ್ಮಕ್ಕೆ ಹೊರತಾದುದೆಂದು ಅವರು ಎಣಿಸಲಿಲ್ಲ.

ರೋಗಿಗಳ ಸೇವೆಯನ್ನು ನಮ್ಮ ಆಚಾರ್ಯರು ಎಲ್ಲಿರಿಸಿದ್ದಾರೆ ಎಂಬುದೂ ವಿಚಾರಣೀಯ. ತತ್ತ್ವಾರ್ಥಸೂತ್ರದಲ್ಲಿ ವೈಯಾವೃತ್ಯವು ಆರು ಅಂತರಂಗ ತಪಸ್ಸುಗಳಲ್ಲಿ ಒಂದು. ಅದನ್ನು ಸಲ್ಲಿಸಬೇಕಾದ ಹತ್ತು ಮಂದಿಯಲ್ಲಿ ‘ಗ್ಲಾನ’, ಎಂದರೆ ರೋಗಪೀಡಿತ, ಒಬ್ಬ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಅದನ್ನು ಗೃಹಸ್ಥನ ನಾಲ್ಕನೆಯ ಶಿಕ್ಷಾವ್ರತವಾಗಿ ವಿಧಿಸಿದರು. ತಪಸ್ಸಿಗೂ ವ್ರತಕ್ಕೂ ಕಾಲನಿಯಮವಿರುತ್ತದೆ. ಮನಸ್ಸು ಬಂದಾಗ ಮಾಡಿ ಬೇಸರವಾದಾಗ ಬಿಡುವುದು ತಪಸ್ಸಲ್ಲ.

ಇನ್ನೊಂದು ಮಾತು. ಪ್ರಮಾದದಿಂದ ಪ್ರಾಣಕ್ಕೆ ಕೇಡು ತರುವುದೇ ಹಿಂಸೆಯೆಂದು ಉಮಾಸ್ವಾಮಿಗಳು ಲಕ್ಷಣ ಹೇಳಿದ್ದಾರೆ. ಕತ್ತಿ ಎತ್ತಿದವನು ಮಾತ್ರವಲ್ಲ, ಎಚ್ಚರ ತಪ್ಪಿದವನೂ ಹಿಂಸಕ. ಇದನ್ನು ಪಟ್ಟಣಕ್ಕೆ ಹಚ್ಚಿ ನೋಡಿದರೆ ಮೈ ಜುಮ್ಮೆನ್ನುತ್ತದೆ. ಮುಚ್ಚಳವಿಲ್ಲದ ಗಟಾರ, ಮೂರು ತಿಂಗಳಿಂದ ಉರಿಯದ ಬೀದಿದೀಪ, ಮುದುಕರು ಹತ್ತಲಾಗದ ಆಸ್ಪತ್ರೆಯ ಮೆಟ್ಟಿಲು, ಇವೆಲ್ಲ ಯಾರ ಪ್ರಮಾದ? ಮುನಿಗಳಿಗೆ ಈರ್ಯಾಸಮಿತಿಯಿದೆ: ಮುಂದೆ ನಾಲ್ಕು ಮೊಳ ನೆಲ ನೋಡಿ ನಡೆಯಬೇಕು. ನೋಡಿ ನಡೆಯಲು ಬೆಳಕು ಬೇಕಲ್ಲವೇ? ಅವರಿಗೆ ಉತ್ಸರ್ಗಸಮಿತಿಯೂ ಇದೆ. ಮಲಮೂತ್ರಗಳನ್ನು ಜೀವಜಂತುಗಳಿಗೆ ಬಾಧೆಯಾಗದ ನೆಲದಲ್ಲಿ ಮಾತ್ರ ವಿಸರ್ಜಿಸಬೇಕು. ನಾವು ಗೃಹಸ್ಥರು ನಮ್ಮ ಹೊಲಸನ್ನು ಗುಂಡಿಗೆ ಬಿಟ್ಟು, ಆ ಗುಂಡಿಗೆ ಇನ್ನೊಬ್ಬ ಮನುಷ್ಯನನ್ನು ಇಳಿಸಿದೆವು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ 1970ರ ದಶಕದಲ್ಲಿಯೇ ಸಚಿವ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು, ಕೋಲಾರ ಚಿನ್ನದ ಗಣಿಯ ಬೆಜವಾಡ ವಿಲ್ಸನ್ ಅವರು ಜೀವಮಾನವೆಲ್ಲ ಇದಕ್ಕಾಗಿ ಹೋರಾಡುತ್ತ ಬಂದಿದ್ದಾರೆ, ದೇಶಕ್ಕೆ ಅನ್ವಯಿಸುವ ಇನ್ನೂ ಬಿಗಿಯಾದ ಕಾಯ್ದೆ 2013ರಲ್ಲಿ ಬಂದಿತು. ಗುಂಡಿಗೆ ಇಳಿದು ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ನಿಂತಿಲ್ಲ. ಇರುವೆಗೆ ಸಕ್ಕರೆ ಹಾಕುವ ನಾವು ಈ ಸುದ್ದಿಯ ಪುಟವನ್ನು ಮಗುಚುತ್ತೇವೆ.

ಸಂವಿಧಾನವು ನಮ್ಮ ಪಟ್ಟಣಗಳಿಗೆ ಈ ವ್ರತವನ್ನು ಈಗಾಗಲೇ ತಕ್ಕಮಟ್ಟಿಗೆ ಬರೆದುಕೊಟ್ಟಿದೆ. 1993ರ ಜೂನ್ 1ರಿಂದ ಜಾರಿಗೆ ಬಂದ 74ನೆಯ ತಿದ್ದುಪಡಿಯ ಮೂಲಕ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ 18 ಕಾರ್ಯಗಳ ಪಟ್ಟಿಯಿದೆ. ರಸ್ತೆ, ನೀರುಗಳ ಜೊತೆಗೆ ದುರ್ಬಲರ ಹಾಗೂ ಅಂಗವಿಕಲರ ಹಿತರಕ್ಷಣೆ, ಸ್ಮಶಾನ, ಬೀದಿದೀಪ, ಸಾರ್ವಜನಿಕ ಶೌಚಾಲಯಗಳೂ ಅದರಲ್ಲಿ ಸೇರಿವೆ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವುದೂ ಹದಿನೈದನೆಯ ಬಾಬಾಗಿ ಅಲ್ಲಿದೆ. ಇದು ನಮ್ಮ ಸಮಾಜದವರಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ ಕಾಣೆ. ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳು ತಮ್ಮ ನಿಧಿಯಲ್ಲಿ ಶೇ. 24.10ನ್ನು ಪರಿಶಿಷ್ಟರಿಗೆ, ಶೇ. 7.25ನ್ನು ಇತರ ಬಡವರಿಗೆ, ಶೇ. 5ನ್ನು ಅಂಗವಿಕಲರಿಗೆ ಮೀಸಲಿಡಬೇಕೆಂಬ ನಿಯಮವಿದೆ. ಲಕ್ವ ಹೊಡೆದು ಮಲಗಿದವರಿಗೆ ಈ ಐದರಲ್ಲಿ ಪಾಲುಂಟೇ ಎಂದು ಕೇಳಲು ನನಗೆ ಕಾಕು ಬದುಕಿದ್ದಾಗ ಹೊಳೆಯಲೇ ಇಲ್ಲ. ಮೂರು ಲಕ್ಷ ಜನಸಂಖ್ಯೆಯಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನ ಹೇಳುತ್ತದೆ. ರೋಣ, ನರಗುಂದ, ಗಜೇಂದ್ರಗಡ, ನರೇಗಲ್ಲುಗಳಂತಹ ಸಣ್ಣ ಪಟ್ಟಣಗಳಿಗೆ ಆ ಕಡ್ಡಾಯವಿಲ್ಲ. ಇಲ್ಲಿ ಸಮಿತಿಯ ಕೆಲಸವನ್ನು ಬಸದಿ, ಮಠ, ಮಸೀದಿಗಳ ಟ್ರಸ್ಟುಗಳೇ ಒಟ್ಟಾಗಿ ವಹಿಸಿಕೊಂಡರೆ ತಡೆಯುವವರು ಯಾರೂ ಇಲ್ಲ.

ಮಗುವಿಗೆ ಇಂತಹ ಏರ್ಪಾಡನ್ನು ನಾವು ಈಗಾಗಲೇ ಮಾಡಿದ್ದೇವೆ. 1975ರ ಅಕ್ಟೋಬರ್ 2ರಂದು ಆರಂಭವಾದ ಯೋಜನೆಯಿಂದ ಅಂಗನವಾಡಿ ಬಂದಿತು. ಕರ್ನಾಟಕದಲ್ಲಿ ಅದು ಮೊದಲು ನಡೆದದ್ದು ತಿರುಮಕೂಡಲು ನರಸೀಪುರದಲ್ಲಿ. ಇಂದು ಯಾವ ಓಣಿಯಲ್ಲಿಯೂ ಅದನ್ನು ಯಾರೂ ದಾನವೆಂದು ಕರೆಯುವುದಿಲ್ಲ. ಹಾಸಿಗೆ ಹಿಡಿದ ಮುದುಕಿಗೆ ಅಂತಹ ಹೆಸರುಳ್ಳ ಮನೆ ಇನ್ನೂ ಹುಟ್ಟಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆ ಮಗನಿಂದ ಹಣ ಕೊಡಿಸಬಲ್ಲದು. ರಾತ್ರಿ ಎರಡು ಗಂಟೆಗೆ ಮಗ್ಗುಲು ಬದಲಿಸುವ ಕೈಯನ್ನು ಕೊಡಿಸಲಾರದು. ಈ ಕೆಲಸ ಆಗದ್ದೇನಲ್ಲ ಎಂಬುದಕ್ಕೆ ನೆರೆಯ ಕೇರಳವೇ ನಿದರ್ಶನ. ಕೋಳಿಕ್ಕೋಡಿನಲ್ಲಿ 1993ರಲ್ಲಿ ಕೆಲವು ವೈದ್ಯರು ಮತ್ತು ಸ್ವಯಂಸೇವಕರು ನೋವು ಶಮನದ ಒಂದು ಸಣ್ಣ ಚಿಕಿತ್ಸಾಲಯ ತೆರೆದರು. ಊರಿನವರು ಪಾಳಿಯ ಮೇಲೆ ರೋಗಿಗಳ ಮನೆಗೆ ಹೋಗತೊಡಗಿದರು. 2008ರಲ್ಲಿ ರಾಜ್ಯವೇ ಅದನ್ನು ಕಾರ್ಯನೀತಿಯನ್ನಾಗಿ ಮಾಡಿತು. ಈಗ ಅಲ್ಲಿಯ ಪಂಚಾಯತಿ, ಪುರಸಭೆಗಳ ವಾರ್ಷಿಕ ಯೋಜನೆಯಲ್ಲಿಯೇ ಇದಕ್ಕೆ ಹಣವಿರುತ್ತದೆ. ದಾದಿಯೊಬ್ಬಳು ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾಳೆ. ಹಳೆಯ ಬಸದಿಯಿರುವ ಮಂಜೇಶ್ವರದಲ್ಲಿ, ಕಾಸರಗೋಡಿನ ನಮ್ಮ ಕನ್ನಡಿಗರ ಮನೆಗಳಿಗೂ ಇದೇ ಏರ್ಪಾಡು. ಮೊದಲು ಕೈ, ಆಮೇಲೆ ಕಟ್ಟಳೆ. ಕಟ್ಟಳೆ ಬಂದ ಮೇಲೆಯೂ ಕೈಗಳು ಹಿಂದೆಗೆಯಲಿಲ್ಲ. ಮಾಗಡಿ ರಸ್ತೆಯಲ್ಲಿ ಇಲ್ಲದಿದ್ದುದು ಇದು.

ಮೊಮ್ಮಗಳು ಓದಿ ಹೇಳಿದ ಇನ್ನೊಂದು ಸಂಗತಿ ದೂರದ ಕೊಲಂಬಿಯಾ ದೇಶದ್ದು. ಅದರ ರಾಜಧಾನಿ ಬೊಗೋಟಾದಲ್ಲಿ 2020ರಿಂದ ಬಡಾವಣೆಗೊಂದರಂತೆ ಆರೈಕೆಯ ಕೇಂದ್ರಗಳನ್ನು ತೆರೆಯತೊಡಗಿದರು. ಮನೆಯಲ್ಲಿ ಮಕ್ಕಳನ್ನೋ ರೋಗಿಗಳನ್ನೋ ನೋಡಿಕೊಳ್ಳುವ ಹೆಂಗಸು ಅಲ್ಲಿಗೆ ಬಂದರೆ, ಆಕೆಯ ಬಟ್ಟೆಗಳು ಒಗೆದು ಸಿಗುತ್ತವೆ, ಮಕ್ಕಳನ್ನು ಬೇರೆಯವರು ನೋಡಿಕೊಳ್ಳುತ್ತಾರೆ; ಆ ಹೊತ್ತಿನಲ್ಲಿ ಆಕೆ ಅರ್ಧಕ್ಕೆ ಬಿಟ್ಟ ಶಾಲೆಯ ಪಾಠ ಓದಬಹುದು. ಮುಂದಿನ ಮೇಯರ್ ಬಂದು ನಿಲ್ಲಿಸಿಬಿಟ್ಟಾರೆಂದು 2023ರಲ್ಲಿ ನಗರಸಭೆಯೇ ಅದನ್ನು ನಿಯಮವಾಗಿ ಅಂಗೀಕರಿಸಿತು. ಇದನ್ನು ಕೇಳಿದಾಗ ನನಗೆ ನೆನಪಾದದ್ದು ಮಾರಸಿಂಘಯ್ಯನ ಕೆರೆ.

ನಾನು ಖಜಾಂಚಿಯಾಗಿರುವ ಒಂದು ಟ್ರಸ್ಟಿನ ಸಭೆಯಲ್ಲಿ ಈ ವಿಚಾರವನ್ನು ಮುಂದಿಟ್ಟೆ. ಬಾಡಿಗೆಯ ಉತ್ಪನ್ನದಲ್ಲಿ ಒಂದು ಭಾಗವನ್ನು ತೆಗೆದಿಟ್ಟು ಇಬ್ಬರು ಹೆಣ್ಣುಮಕ್ಕಳಿಗೆ ಸಂಬಳ ಕೊಡುವುದು. ಅವರು ನಮ್ಮ ವಾರ್ಡಿನಲ್ಲಿ ಹಾಸಿಗೆ ಹಿಡಿದವರ ಮನೆಗೆ, ಯಾವ ಜಾತಿಯವರೇ ಇರಲಿ, ಒಬ್ಬಳು ಹಗಲು, ಒಬ್ಬಳು ರಾತ್ರಿ ಹೋಗಿಬರುವುದು. ಕೆಲಸ ನಡೆದದ್ದನ್ನು ತೋರಿಸಿ, ಮುಂದಿನ ವರ್ಷದಿಂದ ಪುರಸಭೆಯ ಶೇ. 5ರ ನಿಧಿಯಲ್ಲಿ ಅರ್ಧ ವೆಚ್ಚವನ್ನು ಕೇಳುವುದು. ಮಾತು ಬಿಸಿಯಾಯಿತು. ಪುರಸಭೆಯ ಕೆಲಸ ನಮಗೇಕೆ ಎಂದರು ಒಬ್ಬರು. ಹಿಂದೊಮ್ಮೆ ಆಡಳಿತದ ಒಬ್ಬ ಅಧಿಕಾರಿಯ ಬಳಿ ಹೋದಾಗ, ಇದು ಟ್ರಸ್ಟಿನವರ ಕೆಲಸ ಎಂಬ ಮಾತು ನನಗೆ ಸಿಕ್ಕಿತ್ತು. ಶಾಸ್ತ್ರ ಬಲ್ಲ ಹಿರಿಯರೊಬ್ಬರ ಆಕ್ಷೇಪ ಗಂಭೀರವಾದುದು. ಶಾಸ್ತ್ರದಲ್ಲಿ ಹೇಳಿದ ವೈಯಾವೃತ್ಯ ಸಂಯಮಿಗಳಿಗೆ. ಸಾಮಾನ್ಯರ ಸೇವೆಯನ್ನು ಆ ಹೆಸರಿನಿಂದ ಕರೆಯುವುದು ತಪ್ಪು, ಅದು ಲೌಕಿಕ ಉಪಕಾರ ಎಂದರು. ಲೌಕಿಕ ಉಪಕಾರ ಬೇರೆ, ಲೋಕೋತ್ತರ ಧರ್ಮ ಬೇರೆ ಎಂಬ ಭೇದವನ್ನು ತೇರಾಪಂಥದ ಆಚಾರ್ಯ ಭಿಕ್ಷುಗಳೂ ಖಚಿತವಾಗಿ ಎತ್ತಿ ಹೇಳಿದ್ದಾರೆ. ಅದನ್ನು ನಾನು ಬಲ್ಲೆ. ಆದರೆ ಲೌಕಿಕವೆಂದಾಕ್ಷಣ ಬಿಟ್ಟುಬಿಡಬಹುದೇ? ಅಂಗಡಿಯೂ ಲೌಕಿಕವೇ, ಅದರ ಲೆಕ್ಕ ಬರೆಯುವುದನ್ನು ನಾವು ಒಂದು ದಿನವಾದರೂ ಬಿಟ್ಟಿದ್ದೇವೆಯೇ?

ಹೆಸರಿನ ವಿಷಯದಲ್ಲಿ ಮಾತ್ರ ನಾನು ಹಿರಿಯರಿಗೆ ಸೋತೆ. ಅವರ ಮಾತು ಶಾಸ್ತ್ರಸಮ್ಮತವಾಗಿತ್ತು. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಹೇಳುವ ನಾಲ್ಕು ದತ್ತಿಗಳಲ್ಲಿ ಮೊದಲನೆಯದು ದಯಾದತ್ತಿ. ಅದಕ್ಕೆ ಪಾತ್ರಾಪಾತ್ರ ವಿಚಾರವಿಲ್ಲ, ಭಯಗೊಂಡ, ನೊಂದ ಯಾವ ಜೀವಿಯೂ ಅದಕ್ಕೆ ಅರ್ಹ. ಕೊನೆಗೆ ಆ ಹೆಸರನ್ನು ಸೂಚಿಸಿದವರೂ ಆ ಹಿರಿಯರೇ. ಒಂದು ವರ್ಷದ ಮಟ್ಟಿಗೆಂದು ಸಭೆ ಒಪ್ಪಿತು. ಮೂವರು ವಿರೋಧಿಸಿದರು, ಅವರ ಅಭಿಪ್ರಾಯವನ್ನೂ ನಡಾವಳಿಯಲ್ಲಿ ಬರೆಯಲಾಗಿದೆ.

ಏಪ್ರಿಲ್ ಮೊದಲ ದಿನ ಹೊಸ ಲೆಡ್ಜರಿನಲ್ಲಿ ‘ದಯಾದತ್ತಿ ಖಾತೆ’ ಎಂದು ಬರೆದು, ಇಬ್ಬರ ಸಂಬಳವನ್ನು ತಲಾ 9,000 ರೂಪಾಯಿಯಂತೆ ಖರ್ಚು ಹಾಕಿದೆ. ಮನೆಗಳ ಯಾದಿಯಲ್ಲಿ ಈಗ ಏಳು ಹೆಸರುಗಳಿವೆ. ಮೊದಲನೆಯದು ನಮ್ಮ ಅಂಗಡಿಯಲ್ಲಿ ಕಾಳು ಹಸನು ಮಾಡುತ್ತಿದ್ದಾಕೆಯದು. ಹೋದ ಶ್ರಾವಣದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ. ಗಂಡನಿಲ್ಲ, ಮಗ ಗೋವೆಯಲ್ಲಿ ದುಡಿಯುತ್ತಾನೆ. ರಾತ್ರಿಯ ಪಾಳಿಯವಳು ಮೊದಲು ಆಕೆಯ ಮನೆಗೇ ಹೋಗುತ್ತಾಳೆ. ಪುರಸಭೆಗೆ ಕೊಟ್ಟ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಸ್ವೀಕೃತಿಯ ಚೀಟಿಯನ್ನು ತೆರಿಗೆ ರಸೀದಿಯ ಫೈಲಿನಲ್ಲಿಯೇ ಇಟ್ಟಿದ್ದೇನೆ.